ಬೀದಿಯ ಗದ್ದಲ, ಕಲ್ಲಚ್ಚಿನ ನಗೆ: ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ರಾಜಕೀಯ ವ್ಯಂಗ್ಯಚಿತ್ರದ ಜಾನಪದ ನೆಲೆಗಳು

ವ್ಯಂಗ್ಯಚಿತ್ರದ ಇತಿಹಾಸವನ್ನು ಕಲಾವಿದರ ಇತಿಹಾಸವಾಗಿ, ಇಲ್ಲವೇ ಪತ್ರಿಕೋದ್ಯಮದ ಒಂದು ಅಧ್ಯಾಯವಾಗಿ ಬರೆಯುವುದು ರೂಢಿ. ಮೊದಲನೆಯ ಕ್ರಮದಲ್ಲಿ ರೇಖೆ, ನೆರಳು, ಶೈಲಿಗಳು ಮುಖ್ಯವಾಗುತ್ತವೆ. ಎರಡನೆಯದರಲ್ಲಿ ಪತ್ರಿಕಾ ಸ್ವಾತಂತ್ರ್ಯ, ಮೊಕದ್ದಮೆ, ಜುಲ್ಮಾನೆಗಳು ಮುಖ್ಯವಾಗುತ್ತವೆ. ಇವೆರಡೂ ಅಗತ್ಯವಾದ ಅಧ್ಯಯನಗಳೇ. ಆದರೆ ಒಂದು ಚಿತ್ರವನ್ನು ನೋಡಿ ಜನ ನಗಬೇಕಾದರೆ, ಆ ನಗೆಯ ವ್ಯಾಕರಣ ಅವರಿಗೆ ಮೊದಲೇ ತಿಳಿದಿರಬೇಕು. ಆ ವ್ಯಾಕರಣವನ್ನು ಚಿತ್ರಕಾರನೊಬ್ಬನೇ ಸೃಷ್ಟಿಸಲಾರ. ಅದು ಹಬ್ಬದಲ್ಲಿ, ಅಣಕದಲ್ಲಿ, ಗಾದೆಯಲ್ಲಿ, ಸಂತೆಯಲ್ಲಿ ಮಾರಾಟವಾಗುವ ಅಗ್ಗದ ಪುಸ್ತಿಕೆಯಲ್ಲಿ ಬಹುಕಾಲದಿಂದ ಬಾಳಿಕೊಂಡು ಬಂದಿರುತ್ತದೆ. ಈ ನೆಲೆಯಿಂದ ನೋಡಿದಾಗ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ರಾಜಕೀಯ ವ್ಯಂಗ್ಯಚಿತ್ರವು ಜಾನಪದ ವಿದ್ವಾಂಸರ ಗಮನಕ್ಕೂ ಬರಬೇಕಾದ ವಸ್ತುವಾಗಿದೆ.

ಮುದ್ರಣವು ಮೌಖಿಕ ಪರಂಪರೆಯ ಎದುರಾಳಿ ಎಂಬ ಗ್ರಹಿಕೆ ನಮ್ಮ ಅಧ್ಯಯನ ಕ್ಷೇತ್ರದಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಅಚ್ಚಾದ ಕೂಡಲೆ ಹಾಡು ಸಾಯುತ್ತದೆ, ಕರ್ತೃವಿನ ಹೆಸರು ಬಂದ ಕೂಡಲೆ ಕೃತಿ ಜನಪದದಿಂದ ಹೊರಹೋಗುತ್ತದೆ ಎಂದು ನಾವು ಭಾವಿಸುತ್ತ ಬಂದಿದ್ದೇವೆ. ಪ್ರಸ್ತುತ ಲೇಖನವು ಶಾರ್ಲ್ ಫಿಲಿಪೋಂ ಮತ್ತು ಒನೊರೆ ದೋಮಿಯೆ ಅವರ 1830ರ ದಶಕದ ಕೆಲಸವನ್ನು ಮುಂದಿಟ್ಟುಕೊಂಡು ಈ ಗ್ರಹಿಕೆಯನ್ನು ಪರೀಕ್ಷಿಸುತ್ತದೆ. ಜೊತೆಗೆ, ಇದಕ್ಕೆ ವಿರುದ್ಧವಾದ ಇನ್ನೊಂದು ಸುಲಭದ ತೀರ್ಮಾನವನ್ನೂ, ಅಂದರೆ ಜನರ ನಗೆಯೆಲ್ಲವೂ ಸಹಜವಾಗಿಯೇ ನ್ಯಾಯದ ಪಕ್ಷದಲ್ಲಿರುತ್ತದೆ ಎಂಬ ನಂಬಿಕೆಯನ್ನೂ, ಪ್ರಶ್ನಿಸುತ್ತದೆ.

1. ಕಲ್ಲಚ್ಚು ಮತ್ತು ಜುಲೈ ಅರಸೊತ್ತಿಗೆ

ಜರ್ಮನಿಯ ಅಲೋಯ್ಸ್ ಸೆನೆಫೆಲ್ಡರ್ ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಲ್ಲಚ್ಚಿನ ವಿಧಾನವನ್ನು ಕಂಡುಹಿಡಿದನು. ಜಿಡ್ಡು ಮತ್ತು ನೀರು ಒಂದನ್ನೊಂದು ಸೇರುವುದಿಲ್ಲ ಎಂಬ ಸರಳ ತತ್ತ್ವದ ಮೇಲೆ ಇದು ನಿಂತಿದೆ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಕಲ್ಲನ್ನು ಹದಗೊಳಿಸಿ, ನೀರಿನಿಂದ ತೇವಮಾಡಿ ಮಸಿ ಸವರಿದರೆ, ಮಸಿಯು ಗೆರೆಯಿದ್ದಲ್ಲಿ ಮಾತ್ರ ಹಿಡಿಯುತ್ತದೆ. ತಾಮ್ರದ ತಗಡನ್ನು ಕೊರೆಯುವುದಕ್ಕಾಗಲಿ ಮರದ ಅಚ್ಚನ್ನು ಕೆತ್ತುವುದಕ್ಕಾಗಲಿ ಬೇಕಾಗಿದ್ದ ಕಾಲ ಮತ್ತು ಕುಶಲಕರ್ಮಿಯ ಮಧ್ಯಸ್ಥಿಕೆ ಇಲ್ಲಿ ಬೇಕಿರಲಿಲ್ಲ. ಕಲಾವಿದ ಬೆಳಿಗ್ಗೆ ಕೇಳಿದ ಸುದ್ದಿಯನ್ನು ಸಂಜೆಗೆ ಕಲ್ಲಿನ ಮೇಲೆ ಬರೆಯಬಹುದಾಗಿತ್ತು. ಮಾತಿನ ವೇಗಕ್ಕೆ ಹತ್ತಿರವಾದ ವೇಗ ಚಿತ್ರಕ್ಕೆ ಒದಗಿದ್ದು ಹೀಗೆ.

1830ರ ಜುಲೈ 27ರಿಂದ 29ರವರೆಗೆ ಪ್ಯಾರಿಸಿನ ಬೀದಿಗಳಲ್ಲಿ ನಡೆದ ಹೋರಾಟವು ಹತ್ತನೆಯ ಶಾರ್ಲ್ ದೊರೆಯನ್ನು ಪದಚ್ಯುತಗೊಳಿಸಿತು. ಆದರೆ ಸಿಂಹಾಸನ ಖಾಲಿಯಾಗಿ ಉಳಿಯಲಿಲ್ಲ. ಒರ್ಲಿಯಾನ್ ಮನೆತನದ ಲೂಯಿ ಫಿಲಿಪ್ ‘ಫ್ರೆಂಚ್ ಜನರ ದೊರೆ’ ಎಂಬ ಬಿರುದಿನಿಂದ ಅದನ್ನೇರಿದನು. ಹೊಸ ಶಾಸನಪತ್ರವು ಸೆನ್ಸಾರ್ ವ್ಯವಸ್ಥೆಯನ್ನು ಇನ್ನೆಂದಿಗೂ ಮರಳಿ ತರಲಾಗದು ಎಂದು ಘೋಷಿಸಿತು. ಹೋರಾಡಿದವರಲ್ಲಿ ಕೈಕಸುಬಿನವರೂ ಕೂಲಿಗಳೂ ಬಹುಸಂಖ್ಯೆಯಲ್ಲಿದ್ದರು. ಆದರೆ ಮತದಾನದ ಹಕ್ಕು ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟುವವರಿಗೆ ಸೀಮಿತವಾಯಿತು. ಮೂರು ಕೋಟಿಗೂ ಮಿಕ್ಕಿದ ಜನಸಂಖ್ಯೆಯಲ್ಲಿ ಮತದಾರರು ಎರಡು ಲಕ್ಷವೂ ಇರಲಿಲ್ಲ. ಕೊಟ್ಟ ಮಾತಿಗೂ ನಡೆದ ರೀತಿಗೂ ನಡುವೆ ಹೀಗೆ ಉಂಟಾದ ಬಿರುಕಿನಲ್ಲಿಯೇ ಫ್ರೆಂಚ್ ವ್ಯಂಗ್ಯಚಿತ್ರ ಬೇರುಬಿಟ್ಟಿತು.

ಲಿಯೋಂ ನಗರದಲ್ಲಿ ಗೋಡೆಕಾಗದ ತಯಾರಿಸುವವನ ಮಗನಾಗಿ 1800ರಲ್ಲಿ ಹುಟ್ಟಿದ ಫಿಲಿಪೋಂ, ತನ್ನ ಭಾವ ಒಬೇರ್ ಜೊತೆಗೂಡಿ ಪ್ಯಾರಿಸಿನಲ್ಲಿ ಚಿತ್ರಗಳ ಅಂಗಡಿಯನ್ನು ತೆರೆದಿದ್ದನು. 1830ರ ನವೆಂಬರ್ 4ರಂದು ‘ಲಾ ಕಾರಿಕಾತ್ಯೂರ್’ ವಾರಪತ್ರಿಕೆಯನ್ನೂ, 1832ರ ಡಿಸೆಂಬರ್ 1ರಂದು ‘ಲೆ ಶಾರಿವಾರಿ’ ದಿನಪತ್ರಿಕೆಯನ್ನೂ ಆತ ಆರಂಭಿಸಿದನು. ಗ್ರಾಂವಿಲ್, ತ್ರಾವಿಯೆ, ದೋಮಿಯೆ ಮೊದಲಾದವರು ಅವನ ಬಳಗದಲ್ಲಿದ್ದರು. ದಿನಕ್ಕೊಂದು ಹೊಸ ಚಿತ್ರ ಎಂಬ ‘ಶಾರಿವಾರಿ’ಯ ಪ್ರತಿಜ್ಞೆ ಕಲ್ಲಚ್ಚಿಲ್ಲದೆ ಈಡೇರುವಂತಿರಲಿಲ್ಲ.

2. ಶಾರಿವಾರಿ: ಆಚರಣೆಯಿಂದ ಪತ್ರಿಕೆಗೆ

ಪತ್ರಿಕೆಗೆ ಫಿಲಿಪೋಂ ಆರಿಸಿದ ಹೆಸರು ಇಲ್ಲಿ ವಿಶೇಷವಾಗಿ ಗಮನಾರ್ಹ. ಶಾರಿವಾರಿ ಎಂಬುದು ಫ್ರಾನ್ಸಿನ ಹಳ್ಳಿ ಪಟ್ಟಣಗಳಲ್ಲಿ ಮಧ್ಯಯುಗದಿಂದ ನಡೆದುಬಂದ ಒಂದು ಆಚರಣೆ. ಸಮುದಾಯದ ಕಟ್ಟಳೆಯನ್ನು ಮೀರಿದವರ ಮನೆಯ ಮುಂದೆ ರಾತ್ರಿಯ ಹೊತ್ತು ತರುಣರ ಗುಂಪು ನೆರೆದು, ಪಾತ್ರೆ, ಬಾಣಲೆ, ಗಂಟೆ, ಕೊಂಬುಗಳಿಂದ ಕರ್ಕಶ ಸದ್ದೆಬ್ಬಿಸಿ, ಅಣಕದ ಹಾಡು ಹೇಳಿ ಅವಮಾನಿಸುತ್ತಿತ್ತು. ಚಿಕ್ಕ ಪ್ರಾಯದವಳನ್ನು ಮದುವೆಯಾದ ಮುದಿ ವಿಧುರ, ಮರುಮದುವೆಯಾದ ವಿಧವೆ, ಹೆಂಡತಿಯಿಂದ ಹೊಡೆತ ತಿಂದ ಗಂಡ ಮುಂತಾದವರು ಇದರ ಗುರಿಯಾಗುತ್ತಿದ್ದರು. ಕೆಲವೆಡೆ ತಪ್ಪಿತಸ್ಥನನ್ನೋ ಅವನ ವೇಷ ಧರಿಸಿದವನನ್ನೋ ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಮೆರವಣಿಗೆ ಮಾಡುವುದೂ ಇತ್ತು. ದಂಡ ತೆತ್ತರೆ ಗದ್ದಲ ನಿಲ್ಲುತ್ತಿತ್ತು. ಹದಿನಾಲ್ಕನೆಯ ಶತಮಾನದ ಆರಂಭದ ‘ಫೋವೆಲ್’ ಕಾವ್ಯದ ಸಚಿತ್ರ ಹಸ್ತಪ್ರತಿಯೊಂದರಲ್ಲಿ ಮುಖವಾಡ ಧರಿಸಿ ಪಾತ್ರೆ ಬಡಿಯುವ ಶಾರಿವಾರಿಯ ಗುಂಪು ಚಿತ್ರಿತವಾಗಿದೆ. ಅಂದರೆ ಈ ಆಚರಣೆಯ ದೃಶ್ಯರೂಪವೂ ಐನೂರು ವರ್ಷ ಹಳೆಯದಾಗಿತ್ತು. ಇತಿಹಾಸಕಾರರಾದ ನತಾಲಿ ಜೆಮನ್ ಡೇವಿಸ್ ಮತ್ತು ಇ.ಪಿ. ಥಾಂಪ್ಸನ್ 1970ರ ದಶಕದ ಆರಂಭದಲ್ಲಿ ನಡೆಸಿದ ಅಧ್ಯಯನಗಳಿಂದ ಇದರ ಸಾಮಾಜಿಕ ಅರ್ಥ ಸ್ಪಷ್ಟಗೊಂಡಿದೆ: ಇದು ಬರಿಯ ಪುಂಡಾಟಿಕೆಯಲ್ಲ, ಕಾನೂನಿನ ಹೊರಗೆ ನಿಂತು ಸಮುದಾಯ ನೀಡುವ ತೀರ್ಪು.

1830ರ ನಂತರ ಈ ಆಚರಣೆ ಬೇರೊಂದು ತಿರುವು ಪಡೆಯಿತು. ಸರ್ಕಾರದ ಪರ ನಿಂತ ಸಂಸತ್ ಸದಸ್ಯರು ಊರಿಗೆ ಬಂದಾಗ ಅವರು ಇಳಿದುಕೊಂಡ ಮನೆಯ ಮುಂದೆ ಬಾಣಲೆಯ ಸದ್ದು ಕೇಳಿಬಂತು. ಮಾತು ಕೊಟ್ಟು ಮುರಿದ ಮದುಮಗನಿಗೆ ಮೀಸಲಾಗಿದ್ದ ಅವಮಾನ ಮಾತು ಕೊಟ್ಟು ಮುರಿದ ಪ್ರತಿನಿಧಿಗೆ ಸಂದಿತು. ಪತ್ರಿಕೆಯ ಹೆಸರು ಹುಟ್ಟಿದ್ದು ಈ ವಾತಾವರಣದಲ್ಲಿ. ಫಿಲಿಪೋಂ ಸತ್ತುಹೋಗಿದ್ದ ಜನಪದ ಪದವೊಂದನ್ನು ಅಲಂಕಾರಕ್ಕಾಗಿ ಎತ್ತಿಕೊಳ್ಳಲಿಲ್ಲ. ಬೀದಿಯಲ್ಲಿ ಆಗತಾನೆ ರಾಜಕೀಯವಾಗಿ ಮಾರ್ಪಟ್ಟಿದ್ದ ಜೀವಂತ ಆಚರಣೆಯೊಂದನ್ನು ಕಾಗದಕ್ಕೆ ತಂದನು. ದಿನವೂ ಬಾಗಿಲ ಮುಂದೆ ಬಂದು ಬೀಳುವ ಪತ್ರಿಕೆಯು ಬಾಗಿಲ ಮುಂದಿನ ಗದ್ದಲದ ಕೆಲಸವನ್ನೇ ಮಾಡತೊಡಗಿತು.

ಈ ಹೆಸರಿನ ಪಯಣವೂ ಕುತೂಹಲಕರ. 1841ರಲ್ಲಿ ಆರಂಭವಾದ ‘ಪಂಚ್’ ಪತ್ರಿಕೆ ತನ್ನನ್ನು ‘ಲಂಡನ್ನಿನ ಶಾರಿವಾರಿ’ ಎಂದು ಕರೆದುಕೊಂಡಿತು. ‘ಪಂಚ್’ ಮಾದರಿ ಭಾರತಕ್ಕೂ ಬಂದು 1877ರಲ್ಲಿ ಲಖನೌದಲ್ಲಿ ‘ಅವಧ್ ಪಂಚ್’ ಹೊರಟಿತು. ಕನ್ನಡದಲ್ಲಿ 1942ರಲ್ಲಿ ಡಾ. ಎಂ. ಶಿವರಾಂ (ರಾಶಿ) ಆರಂಭಿಸಿದ ಹಾಸ್ಯ ಪತ್ರಿಕೆ, ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳಿಗೂ ಎಡೆಮಾಡಿಕೊಟ್ಟ ಪತ್ರಿಕೆ, ‘ಪಂಚ್’ ಎಂಬ ಹೆಸರನ್ನು ಎರವಲು ತರದೆ ‘ಕೊರವಂಜಿ’ ಎಂಬ ಕಣಿ ಹೇಳುವವಳ ಹೆಸರನ್ನು ಆರಿಸಿಕೊಂಡಿತು. ನೇರ ಪ್ರಭಾವದ ಮಾತನ್ನು ಇಲ್ಲಿ ಆಡುತ್ತಿಲ್ಲ. ಮುದ್ರಿತ ವಿಡಂಬನೆಯು ತನ್ನ ಮಾತಿನ ಅಧಿಕಾರಕ್ಕಾಗಿ ಮೌಖಿಕ ಲೋಕದ ಪಾತ್ರವೊಂದರತ್ತ ತಿರುಗುವ ಪ್ರವೃತ್ತಿ ಪ್ಯಾರಿಸಿಗೆ ಮಾತ್ರ ಸೀಮಿತವಲ್ಲ ಎಂಬುದನ್ನಷ್ಟೇ ಸೂಚಿಸಲಾಗಿದೆ.

3. ಗಾರ್ಗಾಂತುವಾನ ಹೊಟ್ಟೆ

ದೋಮಿಯೆ 1808ರಲ್ಲಿ ಮಾರ್ಸೇಯಲ್ಲಿ ಹುಟ್ಟಿದವನು. ತಂದೆ ಗಾಜು ಕೂರಿಸುವ ಕಸುಬಿನವನು, ಕವಿಯಾಗುವ ಹಂಬಲದಿಂದ ಪ್ಯಾರಿಸಿಗೆ ಬಂದವನು. ಮಗ ಹುಡುಗನಾಗಿದ್ದಾಗಲೇ ನ್ಯಾಯಾಲಯದ ಅಮೀನನೊಬ್ಬನ ಬಳಿ ಓಡಾಟದ ಕೆಲಸ ಮಾಡಿದನು, ಪುಸ್ತಕದಂಗಡಿಯಲ್ಲಿ ದುಡಿದನು. 1831ರ ಡಿಸೆಂಬರಿನಲ್ಲಿ ಅವನು ರಚಿಸಿದ ‘ಗಾರ್ಗಾಂತುವಾ’ ಎಂಬ ಕಲ್ಲಚ್ಚು ಒಬೇರ್ ಅಂಗಡಿಯ ಕಿಟಕಿಯಲ್ಲಿ ಕಾಣಿಸಿಕೊಂಡಿತು. ದೊರೆಯ ಮುಖದ ದೈತ್ಯನೊಬ್ಬ ಶೌಚಪೀಠದ ಮೇಲೆ ಕುಳಿತಿದ್ದಾನೆ. ಅವನ ಬಾಯಿಯಿಂದ ನೆಲದವರೆಗೆ ಇಳಿಜಾರಾದ ಹಲಗೆಯೊಂದು ಚಾಚಿದೆ. ಬಡವರಿಂದ ಸಂಗ್ರಹಿಸಿದ ನಾಣ್ಯಗಳ ಬುಟ್ಟಿಗಳನ್ನು ಹೊತ್ತ ಕುಳ್ಳ ಆಳುಗಳು ಹಲಗೆಯ ಮೇಲೆ ಹತ್ತುತ್ತಿದ್ದಾರೆ. ಪೀಠದ ಕೆಳಗೆ ಪದವಿ, ಪದಕ, ಸನದುಗಳು ಉದುರುತ್ತಿವೆ. ಅವನ್ನು ಬಾಚಿಕೊಂಡವರು ಸಂಸತ್ ಭವನದ ಕಡೆ ನಡೆದಿದ್ದಾರೆ. ದೊರೆಯ ಮನೆತನದ ವಾರ್ಷಿಕ ವೆಚ್ಚಕ್ಕೆ ಎಷ್ಟು ಹಣ ಕೊಡಬೇಕೆಂಬ ಚರ್ಚೆ ಆಗ ನಡೆದಿತ್ತು. ಮೊದಲು ಕೇಳಿದ್ದು 180 ಲಕ್ಷ ಫ್ರಾಂಕ್. 1832ರಲ್ಲಿ ನಿಗದಿಯಾದದ್ದು 120 ಲಕ್ಷ.

ಗಾರ್ಗಾಂತುವಾ ಎಂದ ಕೂಡಲೆ ವಿಮರ್ಶಕರು ಹದಿನಾರನೆಯ ಶತಮಾನದ ರಾಬ್ಲೆಯನ್ನು ನೆನೆಯುತ್ತಾರೆ. ಆದರೆ ಗಾರ್ಗಾಂತುವಾ ರಾಬ್ಲೆಯ ಸೃಷ್ಟಿಯಲ್ಲ. ರಾಬ್ಲೆಯ ಕೃತಿಗಿಂತ ಮೊದಲೇ, 1532ರಲ್ಲಿ, ಈ ದೈತ್ಯನ ಕಥೆ ಅಗ್ಗದ ಪುಸ್ತಿಕೆಯಾಗಿ ಮಾರಾಟವಾಗಿತ್ತು. ‘ಮೌಖಿಕ ಸಾಹಿತ್ಯ’ ಎಂಬ ಪರಿಭಾಷೆಯನ್ನು ಬಳಕೆಗೆ ತಂದವನೆಂದು ಹೆಸರಾದ ಪೋಲ್ ಸೆಬಿಯೊ 1883ರಲ್ಲಿ ಗಾರ್ಗಾಂತುವಾನನ್ನು ಕುರಿತ ಜನಪದ ಐತಿಹ್ಯಗಳನ್ನು ಒಂದು ಗ್ರಂಥವಾಗಿಯೇ ಸಂಕಲಿಸಿದನು. ಈ ಐತಿಹ್ಯಗಳಲ್ಲಿ ದೈತ್ಯನು ಭೂದೃಶ್ಯದ ಕರ್ತೃ. ಅವನು ಪಾದರಕ್ಷೆ ಕೊಡವಿದರೆ ಗುಡ್ಡ, ಆಟಕ್ಕೆಸೆದ ಕಲ್ಲು ನಿಡುಗಲ್ಲು, ಮೂತ್ರ ಮಾಡಿದರೆ ನದಿ. ಅವನ ಹಸಿವು ಅಪಾರವಾದರೂ ಅವನ ದೇಹದಿಂದ ಹೊರಬಂದದ್ದೆಲ್ಲ ನಾಡಿಗೇ ಸಲ್ಲುತ್ತದೆ.

ದೋಮಿಯೆಯ ಚಿತ್ರದ ತೀಕ್ಷ್ಣತೆ ಇರುವುದು ಈ ಆಶಯವನ್ನು ಅವನು ತಿರುಗಿಸಿದ ರೀತಿಯಲ್ಲಿ ಎಂದು ನನ್ನ ಅಭಿಪ್ರಾಯ. ಮಿಖಾಯಿಲ್ ಬಖ್ತಿನ್ ರಾಬ್ಲೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ವಿಕಟ ದೇಹವನ್ನು ಪುನರುಜ್ಜೀವನದ ಸಂಕೇತವೆಂದು ವಿವರಿಸುತ್ತಾನೆ: ತಿನ್ನುವ, ವಿಸರ್ಜಿಸುವ ದೇಹ ಜಗತ್ತಿನೊಡನೆ ಕೊಡು-ಕೊಳ್ಳುವಿಕೆಯಲ್ಲಿರುತ್ತದೆ; ಕೊಳೆತದ್ದು ಗೊಬ್ಬರವಾಗುತ್ತದೆ. 1831ರ ಗಾರ್ಗಾಂತುವಾನಲ್ಲಿ ಈ ಚಕ್ರ ಕಡಿದುಹೋಗಿದೆ. ಬಡವರ ಬುಟ್ಟಿಯಿಂದ ಏರಿದ ನಾಣ್ಯ ಬಡವರ ನೆಲಕ್ಕೆ ಮರಳುವುದಿಲ್ಲ. ಅದು ಪದಕವಾಗಿ ಬೇರೆಯವರ ಎದೆಗೆ ಹೋಗುತ್ತದೆ. ಜನಪದ ದೈತ್ಯನನ್ನು ಬಲ್ಲ ನೋಡುಗನಿಗೆ ಮಾತ್ರ ಈ ದೈತ್ಯನು ಏನನ್ನು ಕದ್ದಿದ್ದಾನೆಂಬುದು ಪೂರ್ತಿ ತಿಳಿಯುತ್ತದೆ. ಆದ್ದರಿಂದ ಬಖ್ತಿನ್ನನ ಸೂತ್ರವನ್ನು ಈ ಚಿತ್ರಕ್ಕೆ ಹಾಗೆಯೇ ಅನ್ವಯಿಸುವುದು ಸರಿಯಾಗಲಾರದು. ಇಲ್ಲಿ ವಿಕಟ ದೇಹವು ಹಬ್ಬದ ದೇಹವಲ್ಲ, ತೆರಿಗೆಯ ಯಂತ್ರ.

ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು. ಕಲ್ಲನ್ನು ನಾಶಪಡಿಸಲು ಆಜ್ಞೆಯಾಯಿತು. 1832ರ ಫೆಬ್ರವರಿಯಲ್ಲಿ ದೋಮಿಯೆಗೆ ಆರು ತಿಂಗಳ ಸೆರೆವಾಸವೂ 500 ಫ್ರಾಂಕ್ ಜುಲ್ಮಾನೆಯೂ ವಿಧಿಸಲ್ಪಟ್ಟವು. ಶಿಕ್ಷೆ ಕೂಡಲೆ ಜಾರಿಯಾಗಲಿಲ್ಲ. ಆದರೆ ಅದೇ ಆಗಸ್ಟಿನಲ್ಲಿ ‘ಪೆತೊ ದೊರೆಯ ಆಸ್ಥಾನ’ ಎಂಬ ಇನ್ನೊಂದು ಚಿತ್ರ ಬಂದ ಕೆಲವೇ ದಿನಗಳಲ್ಲಿ ಅವನನ್ನು ಬಂಧಿಸಿ ಸೇಂತ್ ಪೆಲಾಜಿ ಸೆರೆಮನೆಗೆ ಒಯ್ದರು. ಪೆತೊ ದೊರೆ ಎಂದರೆ ಫ್ರೆಂಚ್ ನುಡಿಗಟ್ಟಿನಲ್ಲಿ ಭಿಕ್ಷುಕರ ದೊರೆ. ಯಾರೂ ಯಾರ ಮಾತನ್ನೂ ಕೇಳದ, ಎಲ್ಲರೂ ಯಜಮಾನರೇ ಆದ ಆಸ್ಥಾನ ಅವನದು. ಒಂದು ಐತಿಹ್ಯ ಮತ್ತು ಒಂದು ನುಡಿಗಟ್ಟು, ಇವೆರಡೂ ಸೇರಿ ಇಪ್ಪತ್ತನಾಲ್ಕು ವಯಸ್ಸಿನ ಕಲಾವಿದನನ್ನು ಸೆರೆಮನೆಗೆ ಕಳಿಸಿದವು ಎಂದರೆ ಅತಿಶಯವಾಗದು.

4. ಗೋಡೆಯ ಮೇಲಿನ ಮರಸೇಬು

1831ರ ನವೆಂಬರ್ 14ರಂದು ಫಿಲಿಪೋಂ ಪ್ಯಾರಿಸಿನ ನ್ಯಾಯಾಲಯದ ಮುಂದೆ ನಿಂತಿದ್ದನು. ಜುಲೈ ಕ್ರಾಂತಿಯ ಆಶ್ವಾಸನೆಗಳ ಮೇಲೆ ಗಾರೆ ಬಳಿಯುತ್ತಿರುವ ಗಾರೆಯವನನ್ನು ಅವನ ಪತ್ರಿಕೆ ಚಿತ್ರಿಸಿತ್ತು. ಆ ಗಾರೆಯವನಿಗೆ ದೊರೆಯ ಹೋಲಿಕೆಯಿದೆ ಎಂಬುದು ಆರೋಪ. ಹೋಲಿಕೆಯೇ ಅಪರಾಧವಾದರೆ ಅದಕ್ಕೆ ಎಲ್ಲೆ ಯಾವುದು ಎಂದು ವಾದಿಸಿದ ಫಿಲಿಪೋಂ ನಾಲ್ಕು ಚಿತ್ರಗಳನ್ನು ಬರೆದು ತೋರಿಸಿದನು. ಮೊದಲನೆಯದು ದೊರೆಯ ಮುಖ. ಕೊನೆಯದು ಮರಸೇಬು, ಅಂದರೆ ಪೇರ್ ಹಣ್ಣು. ನಡುವಿನ ಎರಡರಲ್ಲಿ ಗಲ್ಲ ದಪ್ಪವಾಗುತ್ತದೆ, ಹಣೆಯ ಮೇಲಿನ ಕೂದಲು ತೊಟ್ಟಾಗುತ್ತದೆ. ಮೊದಲನೆಯದನ್ನು ಶಿಕ್ಷಿಸಿದರೆ ಎರಡನೆಯದನ್ನು ಬಿಡುವಂತಿಲ್ಲ, ಹಾಗೆಯೇ ಮುಂದುವರಿದರೆ ತೋಟದ ಹಣ್ಣನ್ನೂ ಶಿಕ್ಷಿಸಬೇಕಾಗುತ್ತದೆ ಎಂಬುದು ಅವನ ತರ್ಕ. ನ್ಯಾಯಾಲಯ ಒಪ್ಪಲಿಲ್ಲ, ಆರು ತಿಂಗಳ ಸೆರೆ, 2000 ಫ್ರಾಂಕ್ ಜುಲ್ಮಾನೆ ವಿಧಿಸಿತು. ಆ ಜುಲ್ಮಾನೆಯ ಹಣಕ್ಕಾಗಿ ಅವೇ ನಾಲ್ಕು ಚಿತ್ರಗಳನ್ನು ಅಚ್ಚುಮಾಡಿ ಮಾರಲಾಯಿತು. 1834ರಲ್ಲಿ ‘ಶಾರಿವಾರಿ’ ತನ್ನ ವಿರುದ್ಧದ ತೀರ್ಪನ್ನು ಪ್ರಕಟಿಸಬೇಕಾಗಿ ಬಂದಾಗ, ತೀರ್ಪಿನ ಸಾಲುಗಳನ್ನೇ ಮರಸೇಬಿನ ಆಕಾರದಲ್ಲಿ ಜೋಡಿಸಿ ಮುದ್ರಿಸಿತು.

ಇಲ್ಲಿಯವರೆಗಿನದು ಪತ್ರಿಕೆಯ ಇತಿಹಾಸ. ಜಾನಪದದ ಇತಿಹಾಸ ಪ್ರಾರಂಭವಾಗುವುದು ಇದರ ನಂತರ. ಮರಸೇಬು ಅಂಗಡಿಯ ಕಿಟಕಿಯಿಂದ ಗೋಡೆಗೆ ಇಳಿಯಿತು. 1835ರಲ್ಲಿ ಪ್ಯಾರಿಸನ್ನು ಕಂಡ ಇಂಗ್ಲಿಷ್ ಲೇಖಕಿ ಫ್ಯಾನಿ ಟ್ರೊಲೊಪ್, 1840ರಲ್ಲಿ ಪ್ಯಾರಿಸಿನ ಬಗ್ಗೆ ಬರೆದ ಥ್ಯಾಕರೆ, ಇಬ್ಬರೂ ಗೋಡೆಗಳ ತುಂಬ ಇದ್ದ ಮರಸೇಬುಗಳನ್ನು ದಾಖಲಿಸಿದ್ದಾರೆ. ಇದ್ದಿಲಿನಿಂದ, ಸೀಮೆಸುಣ್ಣದಿಂದ ಇವನ್ನು ಬರೆದವರು ಯಾರೆಂದು ಯಾರಿಗೂ ತಿಳಿಯದು. ಇದಕ್ಕೆ ಕಲಾಕೌಶಲ ಬೇಕಿರಲಿಲ್ಲ, ಅಕ್ಷರ ಬೇಕಿರಲಿಲ್ಲ, ಚಂದಾ ಬೇಕಿರಲಿಲ್ಲ. ಮೂರು ಗೆರೆ ಎಳೆಯಬಲ್ಲವನು ದೊರೆಯನ್ನು ಅಣಕಿಸಬಲ್ಲವನಾದ.

ಕ್ಷೇತ್ರಕಾರ್ಯದಲ್ಲಿ ತೊಡಗಿದವರೆಲ್ಲ ಕೇಳಿರುವ ಒಂದು ಪ್ರಶ್ನೆಯಿದೆ: ಈ ಪದ ಕಟ್ಟಿದವರು ಯಾರು? ‘ಹಿಂದಿನವರಿಂದ ಬಂದದ್ದು’ ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಮರಸೇಬಿನ ವಿಷಯದಲ್ಲಿ ಈ ಉತ್ತರ ಸಲ್ಲದು. ಅದನ್ನು ಜನರ ಮುಂದಿಟ್ಟವನ ಹೆಸರು, ಇಟ್ಟ ಸ್ಥಳ, ದಿನಾಂಕ ಎಲ್ಲವೂ ನ್ಯಾಯಾಲಯದ ಕಡತದಲ್ಲಿವೆ. ಆದರೂ ಗೋಡೆಗೆ ಬಂದ ಮೇಲೆ ಅದು ಪಾಠಾಂತರಗಳನ್ನು ಪಡೆಯಿತು, ಅನಾಮಿಕವಾಯಿತು, ಕೈಯಿಂದ ಕೈಗೆ ಹಬ್ಬಿತು, ಪೊಲೀಸರು ಅಳಿಸಿದಷ್ಟೂ ಮತ್ತೆ ಮೂಡಿತು. ಗೋಡೆಬರಹಗಳನ್ನು ಜಾನಪದ ಸಾಮಗ್ರಿಯಾಗಿ ಅಭ್ಯಸಿಸಬಹುದೆಂದು 1960ರ ದಶಕದಲ್ಲಿ ತೋರಿಸಿದ ಅಲನ್ ಡಂಡೆಸ್ ಅವರ ಮಾನದಂಡದಿಂದ ನೋಡಿದರೆ ಮರಸೇಬು ಜನಪದವೇ ಸರಿ. ಕೃತಿಯೊಂದು ಜನಪದವಾಗುವುದು ಅದರ ಹುಟ್ಟಿನಿಂದಲ್ಲ, ಚಲನೆಯಿಂದ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಇದಕ್ಕೆ ಅಂಟಿಕೊಂಡ ಒಂದು ಐತಿಹ್ಯವನ್ನು ವಿಕ್ಟರ್ ಹ್ಯೂಗೋ ತನ್ನ ‘ಲೆ ಮಿಸೆರಾಬ್ಲ್’ (1862) ಕಾದಂಬರಿಯಲ್ಲಿ ಸೇರಿಸಿದ್ದಾನೆ. ಸಂಜೆ ನಡೆದು ಬರುತ್ತಿದ್ದ ದೊರೆಗೆ, ಅರಮನೆಯ ಕಂಬದ ಮೇಲೆ ದೊಡ್ಡ ಮರಸೇಬನ್ನು ಬರೆಯಲು ಎಟುಕದೆ ಒದ್ದಾಡುತ್ತಿದ್ದ ಪುಟ್ಟ ಹುಡುಗ ಕಾಣುತ್ತಾನೆ. ದೊರೆ ತಾನೇ ಅದನ್ನು ಬರೆದು ಮುಗಿಸಿ, ಹುಡುಗನ ಕೈಗೆ ತನ್ನ ಮುಖಮುದ್ರೆಯ ಚಿನ್ನದ ನಾಣ್ಯವನ್ನಿತ್ತು, ಇದರ ಮೇಲೂ ಮರಸೇಬು ಇದೆಯೆಂದು ಹೇಳುತ್ತಾನೆ. ಘಟನೆ ನಡೆಯಿತೋ ಇಲ್ಲವೋ ಎಂಬುದಕ್ಕಿಂತ ಕಥೆಯ ರಚನೆ ಇಲ್ಲಿ ಮುಖ್ಯ. ಪ್ರಜೆಯ ಜೊತೆ ಸರಸವಾಡುವ ಸರಳ ಅರಸನ ಆಶಯ ಜಗತ್ತಿನ ಕಥಾಲೋಕದಲ್ಲೆಲ್ಲ ಇದೆ. ಅಣಕವು ಜನಪದವಾದಂತೆ, ಅಣಕಕ್ಕೆ ಉತ್ತರವೂ ಜನಪದದ ಅಚ್ಚಿನಲ್ಲಿಯೇ ಬಂದಿತು. ಅದೇ ದೊರೆಯ ನ್ಯಾಯಾಲಯಗಳು ಫಿಲಿಪೋಂನನ್ನು ಸೆರೆಗೆ ತಳ್ಳಿದವು ಎಂಬುದನ್ನು ಮಾತ್ರ ಈ ಮುದ್ದಾದ ಕಥೆ ಮರೆಸಿಬಿಡುತ್ತದೆ. ಐತಿಹ್ಯಗಳನ್ನು ಸಂಗ್ರಹಿಸುವವರು ಅವು ಹೇಳುವುದನ್ನು ಮಾತ್ರವಲ್ಲ, ಮುಚ್ಚುವುದನ್ನೂ ಗುರುತಿಸಬೇಕಾಗುತ್ತದೆ.

5. ನಗೆ ನಿಂತ ಸ್ಥಳ

ಜುಲ್ಮಾನೆಗಳನ್ನು ಭರಿಸಲು ಫಿಲಿಪೋಂ 1832ರಲ್ಲಿ ಮಾಸಿಕ ಕಲ್ಲಚ್ಚು ಸಂಘವೊಂದನ್ನು ಸ್ಥಾಪಿಸಿದನು. ಚಂದಾದಾರರಿಗೆ ತಿಂಗಳಿಗೊಂದು ದೊಡ್ಡ ಚಿತ್ರ ಹೋಗುತ್ತಿತ್ತು. 24 ಚಿತ್ರಗಳ ನಂತರ ಅದು ನಿಂತಿತು. ಕೊನೆಯ ಚಿತ್ರ ದೋಮಿಯೆಯ ‘ರ್ಯೂ ತ್ರಾನ್ಸ್‌ನೊನೇ, 15 ಏಪ್ರಿಲ್ 1834’. ಲಿಯೋಂ ನಗರದ ರೇಷ್ಮೆ ನೇಕಾರರ ಬಂಡಾಯದ ಬೆನ್ನಿಗೆ ಪ್ಯಾರಿಸಿನಲ್ಲೂ ದಂಗೆಯೆದ್ದಿತ್ತು. ಏಪ್ರಿಲ್ 14ರ ಮುಂಜಾನೆ, ಗುಂಡು ಹಾರಿದ್ದು ಈ ಮನೆಯಿಂದಲೇ ಎಂದು ಭಾವಿಸಿದ ಸೈನಿಕರು ತ್ರಾನ್ಸ್‌ನೊನೇ ಬೀದಿಯ 12ನೆಯ ಸಂಖ್ಯೆಯ ಮನೆಗೆ ನುಗ್ಗಿ ನಿವಾಸಿಗಳನ್ನು ಕೊಂದರು.

ಚಿತ್ರದಲ್ಲಿ ಕಲಕಿದ ಹಾಸಿಗೆಯ ಬುಡದಲ್ಲಿ ರಾತ್ರಿಯಂಗಿ, ರಾತ್ರಿಟೊಪ್ಪಿಗೆಗಳಲ್ಲಿ ಒಬ್ಬ ಗಂಡಸು ಸತ್ತುಬಿದ್ದಿದ್ದಾನೆ. ಅವನ ಮೈಯಡಿ ಸಿಕ್ಕಿದ ಮಗು. ಎಡಗಡೆಯ ಕತ್ತಲಲ್ಲಿ ಹೆಂಗಸಿನ ಶವ. ಬಲ ಅಂಚಿನಲ್ಲಿ ಮುದುಕನೊಬ್ಬನ ತಲೆ. ಮಗುಚಿದ ಕುರ್ಚಿ. ಸೈನಿಕರಿಲ್ಲ, ದೊರೆಯಿಲ್ಲ, ಮರಸೇಬಿಲ್ಲ. ಆಗಿನ ವ್ಯಂಗ್ಯಚಿತ್ರಗಳಲ್ಲಿ ರಾತ್ರಿಟೊಪ್ಪಿಗೆ ನಗೆಯ ಗುರುತಾಗಿತ್ತು. ಹೊಟ್ಟೆ ತುಂಬಿ ಮಲಗುವ ಮನೆವಂತನನ್ನು ಅಣಕಿಸಲು ಅದನ್ನು ಬರೆಯುತ್ತಿದ್ದರು. ಅದೇ ಟೊಪ್ಪಿಗೆ ಇಲ್ಲಿ ಇವರು ನಿದ್ದೆಯಲ್ಲಿದ್ದರು, ನಿರಾಯುಧರಾಗಿದ್ದರು ಎಂಬುದರ ಸಾಕ್ಷಿಯಾಗುತ್ತದೆ. ಪಿ. ಲಂಕೇಶ್ ಅವರ ಅನುವಾದದ ಮೂಲಕ ಕನ್ನಡಕ್ಕೆ ಬಂದ ಬೋದಿಲೇರ್, 1857ರಲ್ಲಿ ಫ್ರೆಂಚ್ ವ್ಯಂಗ್ಯಚಿತ್ರಕಾರರನ್ನು ಕುರಿತು ಬರೆಯುತ್ತ, ಈ ಕೃತಿಯನ್ನು ವ್ಯಂಗ್ಯಚಿತ್ರದಿಂದ ಬೇರ್ಪಡಿಸಿ ಇತಿಹಾಸದ ಸಾಲಿಗೆ ಸೇರಿಸಿದ್ದಾನೆ.

ಆ ಮಾತನ್ನು ಒಪ್ಪುತ್ತಲೇ ಇನ್ನೊಂದು ಅಂಶವನ್ನು ಸೇರಿಸಬಹುದು. ಕೊಲೆ, ಅನಾಹುತಗಳ ಸುದ್ದಿಯನ್ನು ಒರಟು ಮರದಚ್ಚಿನ ಚಿತ್ರದೊಂದಿಗೆ ಒಂದೇ ಹಾಳೆಯಲ್ಲಿ ಅಚ್ಚುಮಾಡಿ ಬೀದಿಯಲ್ಲಿ ಕೂಗಿ ಮಾರುವ ಪದ್ಧತಿ ಫ್ರಾನ್ಸಿನಲ್ಲಿತ್ತು. ಎಲ್ಲಿ, ಯಾವಾಗ ಎಂಬುದು ಆ ಹಾಳೆಗಳ ತಲೆಬರಹದ ತಿರುಳು. ದೋಮಿಯೆಯ ಶೀರ್ಷಿಕೆಯಲ್ಲಿಯೂ ಒಂದು ಬೀದಿ ಮತ್ತು ಒಂದು ದಿನಾಂಕ ಮಾತ್ರ ಇವೆ, ಚಿತ್ರದಡಿಯಲ್ಲಿ ಚಾಟೂಕ್ತಿಯಿಲ್ಲ. ಕೊಲೆಗಾರನ ಹೆಸರು ಹೇಳದೆಯೇ ಇದು ಕೊಲೆಯ ಸುದ್ದಿ ಎಂಬುದನ್ನು ಅದು ಹೇಳಿತು. ಈ ಚಿತ್ರದ ಪ್ರತಿಗಳನ್ನೂ ಕಲ್ಲನ್ನೂ ಅಧಿಕಾರಿಗಳು ವಶಪಡಿಸಿಕೊಂಡದ್ದು, ಅವರಿಗೆ ಅದು ಸರಿಯಾಗಿಯೇ ಅರ್ಥವಾಗಿತ್ತು ಎಂಬುದಕ್ಕೆ ಸಾಕ್ಷಿ.

6. ಕಣ್ಣಿಗೆ ನುಡಿಯುವ ಚಿತ್ರ ಮತ್ತು ಕಾನೂನು

1835ರ ಜುಲೈ 28ರಂದು ಫಿಯೆಸ್ಕಿ ಎಂಬಾತ ದೊರೆಯನ್ನು ಕೊಲ್ಲಲು ಯತ್ನಿಸಿದನು. ದೊರೆ ಬದುಕಿದನು, 18 ಮಂದಿ ಸತ್ತರು. ಇದರ ಬೆನ್ನಿಗೆ ಸೆಪ್ಟೆಂಬರ್ 9ರಂದು ಬಂದ ಕಾನೂನು ಪ್ರತಿಯೊಂದು ಚಿತ್ರಕ್ಕೂ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. ‘ಲಾ ಕಾರಿಕಾತ್ಯೂರ್’ ಅದಕ್ಕೆ ಮೊದಲೇ, ಆಗಸ್ಟ್ 27ರ ಸಂಚಿಕೆಯೊಂದಿಗೆ ನಿಂತಿತು. ಸೆನ್ಸಾರ್ ಇನ್ನೆಂದಿಗೂ ಬಾರದೆಂಬ ಶಾಸನಪತ್ರದ ವಾಕ್ಯವನ್ನು ಸರ್ಕಾರ ದಾಟಿದ ಬಗೆ ಕುತೂಹಲಕರ: ಶಾಸನಪತ್ರ ರಕ್ಷಿಸುವುದು ಅಭಿಪ್ರಾಯವನ್ನು, ಚಿತ್ರ ಅಭಿಪ್ರಾಯವಲ್ಲ, ಅದು ಕಣ್ಣಿಗೆ ನುಡಿದು ಕೆರಳಿಸುವ ಕೃತ್ಯ. ಈ ವಾದದ ಹಿಂದೆ ಅಕ್ಷರ ಬಾರದವರ ಕುರಿತ ಭೀತಿಯಿದೆ. ಓದುವವನು ತೆರಿಗೆ ಕಟ್ಟುವವನು, ಅವನನ್ನು ನಂಬಬಹುದು. ನೋಡುವವನು ಯಾರೂ ಆಗಿರಬಹುದು. ಮುಂದೆ ಚಿತ್ರದ ಸೆನ್ಸಾರ್ 1848ರಲ್ಲಿ ಹೋಗಿ 1852ರಲ್ಲಿ ಬಂದು, 1870ರಲ್ಲಿ ಹೋಗಿ 1871ರಲ್ಲಿ ಬಂದು, ಕೊನೆಗೆ 1881ರ ಜುಲೈ 29ರ ಪತ್ರಿಕಾ ಕಾಯಿದೆಯಿಂದ ತೊಲಗಿತು. ಅಧಿಕಾರವು ಚಿತ್ರವನ್ನು ಅಕ್ಷರಕ್ಕಿಂತ ಹೆಚ್ಚು ಕಾಲ ಹೆದರಿತು.

ರಾಜಕೀಯ ಮುಖಗಳನ್ನು ಬರೆಯಲಾಗದ ಸ್ಥಿತಿಯಲ್ಲಿ ದೋಮಿಯೆ ರಂಗಭೂಮಿಯ ಒಂದು ಪಾತ್ರವನ್ನು ಕೈಗೆತ್ತಿಕೊಂಡನು. ರೋಬೇರ್ ಮಾಕೇರ್ ಎಂಬ ಈ ಕಳ್ಳನನ್ನು ನಟ ಫ್ರೆದೆರಿಕ್ ಲೆಮೇತ್ರ್ 1823ರಿಂದ ಜನಪ್ರಿಯ ನಾಟಕದ ಮೂಲಕ ಮನೆಮಾತಾಗಿಸಿದ್ದನು. 1836ರಿಂದ 1838ರವರೆಗೆ ‘ಶಾರಿವಾರಿ’ಯಲ್ಲಿ ಬಂದ ನೂರು ಚಿತ್ರಗಳಲ್ಲಿ ಮಾಕೇರ್ ಬ್ಯಾಂಕಿನವನಾಗುತ್ತಾನೆ, ವಕೀಲನಾಗುತ್ತಾನೆ, ವೈದ್ಯನಾಗುತ್ತಾನೆ, ಷೇರು ಮಾರುವವನಾಗುತ್ತಾನೆ. ದೊರೆಯ ಮುಖ ಹೋದ ಜಾಗದಲ್ಲಿ ದೊರೆಯ ಕಾಲದ ಮುಖ ಬಂತು. ವೇಷಾಂತರದಿಂದ ಲೋಕವನ್ನು ವಂಚಿಸುವ ಧೂರ್ತ ನಾಯಕನು ಜನಪದ ಕಥೆಗಳಿಗೆ ಹೊಸಬನಲ್ಲ. ಮಾಕೇರ್ ಎಂಬ ಹೆಸರು ವಂಚಕನೆಂಬ ಅರ್ಥದಲ್ಲಿ ಆಡುಮಾತಿಗೆ ಸೇರಿದ್ದು, ಮುದ್ರಣದಿಂದ ಮಾತಿಗೆ ಮರಳುವ ಹಾದಿಯ ಇನ್ನೊಂದು ಉದಾಹರಣೆ. ಹಾಗೆಯೇ 1868ರಲ್ಲಿ ಆಂದ್ರೆ ಜಿಲ್ ಕಣ್ಣು ಮೂಗುಳ್ಳ ಕರಬೂಜವೊಂದನ್ನು ಬರೆದು ಮೊಕದ್ದಮೆ ಎದುರಿಸಿದಾಗ, ಅದು ಯಾರ ಮುಖವೆಂಬ ಊಹಾಪೋಹವೇ ನಗೆಗೆ ಕಾರಣವಾಯಿತು. ಮರಸೇಬು ಬಿತ್ತಿದ ಬೀಜ ಮೂರು ದಶಕ ದಾಟಿಯೂ ಫಲ ಕೊಡುತ್ತಿತ್ತು.

7. ಯಾರ ನಗೆ?

ಇಷ್ಟರಿಂದ ವ್ಯಂಗ್ಯಚಿತ್ರವು ಜನರ ದನಿಯೇ ಆಗಿತ್ತೆಂದು ತೀರ್ಮಾನಿಸಿದರೆ ಅದು ಅವಸರವಾದೀತು. ಮೂರು ಕಾರಣಗಳನ್ನು ಗಮನಿಸಬೇಕು.

ಮೊದಲನೆಯದು ಬೆಲೆ. ‘ಲಾ ಕಾರಿಕಾತ್ಯೂರ್’ ಪತ್ರಿಕೆಯ ವಾರ್ಷಿಕ ಚಂದಾ 52 ಫ್ರಾಂಕ್. ಅದು ಪ್ಯಾರಿಸಿನ ಕೂಲಿಗಾರನೊಬ್ಬನ ಹಲವು ವಾರಗಳ ದುಡಿಮೆ. ಜನ ಅದನ್ನು ನೋಡಿದ್ದು ಅಂಗಡಿಯ ಕಿಟಕಿಯ ಮುಂದೆ ನಿಂತು. 1831ರ ಡಿಸೆಂಬರಿನ ತ್ರಾವಿಯೆಯ ಚಿತ್ರವೊಂದು ಒಬೇರ್ ಅಂಗಡಿಯ ಮುಂದೆ ಮುಗಿಬಿದ್ದ ಈ ಗುಂಪನ್ನೇ ತೋರಿಸುತ್ತದೆ. ಕೊಂಡವರು ಒಬ್ಬರು, ನೋಡಿ ಹಬ್ಬಿಸಿದವರು ಇನ್ನೊಬ್ಬರು ಎಂಬ ಈ ವ್ಯತ್ಯಾಸವನ್ನು ಮರೆಯಬಾರದು.

ಎರಡನೆಯದು ಭೂಗೋಳ. ಫ್ರಾನ್ಸಿನ ಹಳ್ಳಿಗಳಿಗೆ ಚಿತ್ರಗಳು ಹೋಗುತ್ತಿದ್ದದ್ದು ಹೊರೆ ಹೊತ್ತ ತಿರುಗು ವ್ಯಾಪಾರಿಗಳ ಮೂಲಕ. ಎಪಿನಾಲ್ ಪಟ್ಟಣದ ಪೆಲೆರ್ಯಾಂ ಮನೆತನ ಅಚ್ಚುಮಾಡುತ್ತಿದ್ದ ಬಣ್ಣದ ಹಾಳೆಗಳಲ್ಲಿ ಸಂತರಿದ್ದರು, ಕಥೆಗಳಿದ್ದವು, ಮುಖ್ಯವಾಗಿ ನೆಪೋಲಿಯನ್ ಇದ್ದನು. ಪ್ಯಾರಿಸಿನ ಗೋಡೆಯ ಮೇಲೆ ಮರಸೇಬು ಇದ್ದಾಗ ಹಳ್ಳಿಯ ಮನೆಯ ಗೋಡೆಯ ಮೇಲೆ ಚಕ್ರವರ್ತಿಯ ಚಿತ್ರವಿತ್ತು. 1848ರ ಡಿಸೆಂಬರಿನಲ್ಲಿ ಗಂಡಸರಿಗೆಲ್ಲ ಮತದಾನದ ಹಕ್ಕು ದೊರೆತ ಚುನಾವಣೆಯಲ್ಲಿ ಲೂಯಿ ನೆಪೋಲಿಯನ್ ಸುಮಾರು 54 ಲಕ್ಷ ಮತ ಪಡೆದನು. ಮೂರು ವರ್ಷಗಳಲ್ಲಿ ಅವನೇ ಗಣರಾಜ್ಯವನ್ನು ಉರುಳಿಸಿದನು. ಇದಕ್ಕೆ ಚಿತ್ರಗಳೊಂದೇ ಕಾರಣವೆನ್ನಲಾಗದು. ಆದರೆ ಒಂದು ಮುಖವನ್ನು ಕೆಡಿಸುವ ಶಕ್ತಿಯಿದ್ದ ಪ್ಯಾರಿಸಿನ ಕಲ್ಲಚ್ಚಿಗೆ, ಜನಪದದ ಇನ್ನೊಂದು ಚಿತ್ರಪರಂಪರೆ ಪೂಜಿಸುತ್ತಿದ್ದ ಮುಖದೊಡನೆ ಮಾತನಾಡಲು ಆಗಲಿಲ್ಲ. ಜನಪದವೆಂಬುದು ಒಂದಲ್ಲ, ಹಲವು.

ಮೂರನೆಯದು ಆಚರಣೆಯ ಸ್ವಭಾವಕ್ಕೇ ಸಂಬಂಧಿಸಿದ್ದು. ಮೂಲ ಶಾರಿವಾರಿ ಅಧಿಕಾರಸ್ಥರ ವಿರುದ್ಧ ಹುಟ್ಟಿದ್ದಲ್ಲ. ಮರುಮದುವೆಯಾದ ವಿಧವೆಯಂಥ ದುರ್ಬಲರ ಮೇಲೂ ಅದು ಎರಗುತ್ತಿತ್ತು. ಹೆಸರನ್ನು ಪಡೆದ ಪತ್ರಿಕೆ ಈ ಗುಣವನ್ನೂ ಪಡೆಯಿತು. ರಾಜಕೀಯ ವಿಷಯ ನಿಷಿದ್ಧವಾಗಿದ್ದ 1844ರಲ್ಲಿ ದೋಮಿಯೆ ಬರೆಯುವ ಹೆಂಗಸರನ್ನು ಅಣಕಿಸುವ ಚಿತ್ರಮಾಲೆಯನ್ನು ರಚಿಸಿದನು. ಸೆನ್ಸಾರ್ ಇಲ್ಲದಿದ್ದ 1848-49ರಲ್ಲಿಯೂ ವಿಚ್ಛೇದನದ ಹಕ್ಕು ಕೇಳಿದ ಹೆಂಗಸರನ್ನು, ಸಮಾಜವಾದಿ ಹೆಂಗಸರನ್ನು ನಗೆಗೀಡುಮಾಡಿದನು. ಆದ್ದರಿಂದ ಇದನ್ನು ಸೆನ್ಸಾರಿನ ತಲೆಗೆ ಕಟ್ಟುವಂತಿಲ್ಲ. ತ್ರಾನ್ಸ್‌ನೊನೇ ಬೀದಿಯ ಹೆಂಗಸಿನ ಶವವನ್ನು ಅಷ್ಟು ಗೌರವದಿಂದ ಬರೆದ ಕೈ, ಲೇಖನಿ ಹಿಡಿದ ಹೆಂಗಸಿನ ಬಗ್ಗೆ ಹಳ್ಳಿಯ ತರುಣರ ಗುಂಪಿನಂತೆಯೇ ವರ್ತಿಸಿತು. ದೋಮಿಯೆಯನ್ನು ಪ್ರಜಾಪ್ರಭುತ್ವದ ನಿಷ್ಕಳಂಕ ವೀರನಾಗಿ ಚಿತ್ರಿಸುವ ಬರಹಗಳು ಈ ಚಿತ್ರಮಾಲೆಗಳನ್ನು ಬದಿಗಿಡುವುದು ಉಚಿತವಲ್ಲ.

8. ಸಮಾರೋಪ

ದೋಮಿಯೆ ಸುಮಾರು 4000 ಕಲ್ಲಚ್ಚುಗಳನ್ನು ಬಿಟ್ಟು 1879ರಲ್ಲಿ ತೀರಿಕೊಂಡನು. ಅದರ ಹಿಂದಿನ ವರ್ಷ ಪ್ಯಾರಿಸಿನಲ್ಲಿ ನಡೆದ ಅವನ ಕೃತಿಗಳ ಪ್ರದರ್ಶನದ ಸೂಚಿಗೆ ಪರಿಚಯ ಬರೆದವನು ಶಾಂಫ್ಲ್ಯೂರಿ. ಈತ 1860ರಲ್ಲಿ ಫ್ರೆಂಚ್ ಪ್ರಾಂತಗಳ ಜನಪದ ಗೀತೆಗಳನ್ನು ಪ್ರಕಟಿಸಿದ್ದನು. 1865ರಲ್ಲಿ ಆಧುನಿಕ ವ್ಯಂಗ್ಯಚಿತ್ರದ ಇತಿಹಾಸವನ್ನು, 1869ರಲ್ಲಿ ಜನಪದ ಮುದ್ರಣಚಿತ್ರಗಳ ಇತಿಹಾಸವನ್ನು ಬರೆದಿದ್ದನು. ಹಾಡು, ವ್ಯಂಗ್ಯಚಿತ್ರ, ಹಳ್ಳಿಯ ಬಣ್ಣದ ಹಾಳೆ, ಈ ಮೂರೂ ಅವನಿಗೆ ಒಂದೇ ಹೊಲದ ಬೆಳೆಯಾಗಿದ್ದವು. ನಂತರದ ವಿದ್ವತ್ತು ಮೊದಲನೆಯದನ್ನು ಜಾನಪದಕ್ಕೂ ಎರಡನೆಯದನ್ನು ಕಲಾ ಇತಿಹಾಸಕ್ಕೂ ಮೂರನೆಯದನ್ನು ವಸ್ತುಸಂಗ್ರಹಾಲಯಕ್ಕೂ ಹಂಚಿತು.

ಆ ಹಂಚಿಕೆಯಲ್ಲಿ ಕಳೆದದ್ದು ಏನೆಂಬುದನ್ನು ಮರಸೇಬು ತೋರಿಸುತ್ತದೆ. ಆಚರಣೆಯಿಂದ ಪತ್ರಿಕೆಗೆ, ಐತಿಹ್ಯದಿಂದ ಕಲ್ಲಿಗೆ, ಕಲ್ಲಿನಿಂದ ಗೋಡೆಗೆ, ಗೋಡೆಯಿಂದ ಮತ್ತೆ ಐತಿಹ್ಯಕ್ಕೆ ಸಾಗುವ ಈ ಚಲನೆಯನ್ನು ಯಾವ ಒಂದು ಶಾಸ್ತ್ರವೂ ಒಂಟಿಯಾಗಿ ಹಿಡಿಯಲಾರದು. ಮುದ್ರಣವು ಜನಪದವನ್ನು ಕೊಂದಿತು ಎನ್ನುವುದಕ್ಕಿಂತ, ಅದರ ವೇಗವನ್ನೂ ಅಪಾಯವನ್ನೂ ಹೆಚ್ಚಿಸಿತು ಎನ್ನುವುದು ಹೆಚ್ಚು ಸರಿ. ಹಾಗೆಯೇ, ಗದ್ದಲ ಯಾರ ಮನೆಯ ಮುಂದೆ ಎಂಬ ಪ್ರಶ್ನೆಯನ್ನು ಪ್ರತಿ ಸಲವೂ ಕೇಳಲೇಬೇಕಾಗುತ್ತದೆ. ದೊರೆಯ ಮನೆಯ ಮುಂದೆ ಎದ್ದಾಗ ಅದು ಪ್ರತಿರೋಧ. ವಿಧವೆಯ ಮನೆಯ ಮುಂದೆ ಎದ್ದಾಗ ಅದೇ ಬಾಣಲೆ, ಅದೇ ಹಾಡು, ಆದರೆ ಹಿಂಸೆ. ಜನರ ನಗೆಯನ್ನು ಸಂಗ್ರಹಿಸುವ ನಮ್ಮಂಥವರು ಅದನ್ನು ಕೊಂಡಾಡುವ ಮೊದಲು ಆ ಬಾಗಿಲ ಹಿಂದೆ ಯಾರಿದ್ದಾರೆಂದು ನೋಡಬೇಕು.